ಎರಡು ಗೆರೆ

ಕಳೆದ ವರ್ಷ ಯುಗಾದಿ ಆದ ಎರಡನೇ ರವಿವಾರ ಅವ್ವ ಲಿಂಗಸುಗೂರಿನಿಂದ ಫೋನ್ ಮಾಡಿದಳು. ಊಟ ಆಯ್ತಾ, ಅಲ್ಲಿ ಟೊಮೆಟೊ ಎಷ್ಟು, ಬಿಸಿಲು ಹೆಂಗದ ಅಂತ ಶುರುವಾಗುವ ಮಾತು ಅವತ್ತು ನೇರವಾಗಿ ವಿಷಯಕ್ಕೇ ಬಂತು.

"ನಿಮ್ಮ ಮಾವ ಬಂದಿದ್ದ. ತಂಗೀನ ತನ್ನ ಮಗನಿಗೆ ಕೇಳ್ಯಾನ."

ನಾನು ಸುಮ್ಮನಿದ್ದೆ.

"ಹುಡುಗ ಹುಡುಗಿ ಇಬ್ರೂ ಒಪ್ಯಾರ. ಒಪ್ಯಾರ ಏನು, ಅವರೇ ಮೊದಲು ಮಾತಾಡಿಕೊಂಡಾರ ಅನಸ್ತದ. ಆದ್ರ ನಿಮ್ಮಪ್ಪ ಅಂತಾರ, ದೊಡ್ಡಾಕಿ ಜೀನು ನೋಡೋ ಕೆಲಸ ಮಾಡ್ತಾಳ, ಆಕೀಗೆ ಒಂದು ಮಾತು ಕೇಳು ಅಂತ. ನೀನ ಹೇಳವಾ, ಮಾಡಬೇಕೋ ಬ್ಯಾಡೋ?"

ಹೈದರಾಬಾದಿಗೆ ಬಂದು ಒಂಬತ್ತು ವರ್ಷ. ಈ ಒಂಬತ್ತು ವರ್ಷದಲ್ಲಿ ನನ್ನ ಕೆಲಸದ ಬಗ್ಗೆ ಮನೆಯವರು ಕೇಳಿದ ಮೊದಲ ಪ್ರಶ್ನೆ ಇದು. ಅದಕ್ಕೆ ಉತ್ತರ ಕೊಡಲು ಬರಲಿಲ್ಲ. "ಎರಡು ದಿನ ಬಿಟ್ಟು ಹೇಳ್ತೀನಿ ಅವ್ವ" ಅಂದೆ. ಎರಡು ದಿನ ಹೋಗಿ ಎಂಟು ತಿಂಗಳಾಯಿತು.

ಊರಲ್ಲಿ ನನ್ನ ಕೆಲಸ ಅಂದರೆ ರಕ್ತ ಟೆಸ್ಟ್ ಮಾಡೋದು. ಅಜ್ಜಿ ಇರುವ ತನಕ ಹಾಗೇ ಹೇಳುತ್ತಿದ್ದಳು: "ಮೊಮ್ಮಗಳು ಹೈದ್ರಾಬಾದಿನ್ಯಾಗ ರಗತ ನೋಡ್ತಾಳ." ನಿಜ ಹೇಳಬೇಕೆಂದರೆ ನಾನು ರಕ್ತ ನೋಡಿ ವರ್ಷಗಳೇ ಆದವು. ನಾನು ನೋಡುವುದು ಒಂದು ದೊಡ್ಡ ಕೋಷ್ಟಕ. ಒಂದೊಂದು ಸಾಲೂ ಒಬ್ಬ ಮನುಷ್ಯ, ಒಂದೊಂದು ಕಾಲಮ್ಮೂ ಡಿಎನ್‌ಎಯ ಒಂದು ಜಾಗ. ಆ ಜಾಗದಲ್ಲಿ ಅಪರೂಪದ ಅಕ್ಷರದ ಪ್ರತಿ ಒಂದೂ ಇಲ್ಲದಿದ್ದರೆ 0, ಅಪ್ಪ-ಅವ್ವ ಇಬ್ಬರಲ್ಲಿ ಒಬ್ಬರಿಂದ ಮಾತ್ರ ಬಂದಿದ್ದರೆ 1, ಇಬ್ಬರಿಂದಲೂ ಬಂದಿದ್ದರೆ 2. ಅಷ್ಟೇ. ಬೆಳಿಗ್ಗೆಯಿಂದ ಸಂಜೆವರೆಗೆ ಸೊನ್ನೆ, ಒಂದು, ಎರಡು. ಹೆಸರಿಲ್ಲ, ಮುಖವಿಲ್ಲ, ಒಂದು ಕೋಡ್ ನಂಬರ್ ಮಾತ್ರ.

ಈ ಕೆಲಸದಲ್ಲಿ ಮುಕ್ಕಾಲು ಪಾಲು ಕಸಗುಡಿಸುವುದೇ. ಯಾವ ಸ್ಯಾಂಪಲ್ ಕೆಟ್ಟಿದೆ, ಯಾವುದರ ಲೇಬಲ್ ಅದಲುಬದಲಾಗಿದೆ, ಗಂಡು ಅಂತ ಬರೆದ ಟ್ಯೂಬಿನಲ್ಲಿ ಹೆಣ್ಣಿನ ಡಿಎನ್‌ಎ ಹೇಗೆ ಬಂತು, ಇಂಥವು. ನಮಗೆ ಕಲಿಸುವ ಪಾಠದಲ್ಲಿ ಒಂದು ನಿಯಮ ಇದೆ: ಹತ್ತಿರದ ಸಂಬಂಧಿಕರಿದ್ದರೆ ಒಬ್ಬರನ್ನು ಉಳಿಸಿಕೊಂಡು ಇನ್ನೊಬ್ಬರನ್ನು ತೆಗೆಯಬೇಕು. ಏಕೆಂದರೆ ಲೆಕ್ಕವೆಲ್ಲ ಪ್ರತಿಯೊಬ್ಬರೂ ಪ್ರತ್ಯೇಕ ಅನ್ನುವ ಊಹೆಯ ಮೇಲೆ ನಿಂತಿದೆ. ಇನ್ನೊಂದು ನಿಯಮ, 1908ರಲ್ಲಿ ಹಾರ್ಡಿ ಮತ್ತು ವೈನ್‌ಬರ್ಗ್ ಬೇರೆ ಬೇರೆಯಾಗಿ ಹೇಳಿದ್ದು: ಜನ ಯಾರನ್ನು ಬೇಕಾದರೂ ಮದುವೆಯಾಗುವಂತಿದ್ದರೆ ಈ 0, 1, 2ಗಳು ಇಂತಿಷ್ಟು ಪ್ರಮಾಣದಲ್ಲಿ ಇರಬೇಕು. ಆ ಪ್ರಮಾಣದಿಂದ ತುಂಬಾ ಆಚೀಚೆ ಹೋದ ಕಾಲಮ್ಮನ್ನು ಯಂತ್ರದ ತಪ್ಪು ಅಂತ ತಿಳಿದು ಬಿಸಾಡುತ್ತಾರೆ. ಮೊದಲ ವರ್ಷ ನಾನು ಈ ಎರಡು ನಿಯಮಗಳನ್ನೂ ನಿಷ್ಠೆಯಿಂದ ಪಾಲಿಸಿದೆ. ದಕ್ಷಿಣದ ಒಂದು ಗುಂಪಿನ ಸ್ಯಾಂಪಲ್ಲುಗಳಲ್ಲಿ ಅರ್ಧದಷ್ಟು ಜನ ಮಾಯವಾದರು. 1 ಇರಬೇಕಾದಲ್ಲಿ 1 ಕಡಿಮೆ, 0 ಮತ್ತು 2 ಜಾಸ್ತಿ. ಯಂತ್ರದ ತಪ್ಪು ಅಂತ ಎರಡು ದಿನ ಹುಡುಕಿದೆ. ಆಮೇಲೆ ನೆನಪಾಯಿತು, ನಮ್ಮ ಮನೆಯಲ್ಲೂ ಇದೇ ಅಲ್ಲವೇ! ಸಾಫ್ಟ್‌ವೇರ್ ಬರೆದವರಿಗೆ ಅಕ್ಕನ ಮಗಳನ್ನು ಮದುವೆಯಾಗುವ ಊರು ಗೊತ್ತಿರಲಿಲ್ಲ.

ನಮ್ಮಪ್ಪ ನಮ್ಮವ್ವನ ಸೋದರಮಾವ. ಅಂದರೆ ನನ್ನ ಅಜ್ಜಿ ನನ್ನ ಅಪ್ಪನಿಗೆ ಅಕ್ಕ. ಇದನ್ನು ಇಲ್ಲಿ ಆಫೀಸಿನಲ್ಲಿ ಉತ್ತರದ ಗೆಳತಿಯೊಬ್ಬಳಿಗೆ ಹೇಳಿದಾಗ ಆಕೆ ಟೀ ಲೋಟ ಕೆಳಗಿಟ್ಟಳು. ಪಕ್ಕದಲ್ಲಿದ್ದ ನಲ್ಗೊಂಡದ ಹುಡುಗ ಮಾತ್ರ "ಮಾ ಅಮ್ಮ ನಾನ್ನ ಕೂಡಾ ಅಂತೇ" ಅಂದ. ನಮ್ಮಮ್ಮ-ಅಪ್ಪನೂ ಹಾಗೇ ಅಂತ. ಇಂಥ ಮಾತಿನಲ್ಲಿ ನಾವು ಕನ್ನಡ-ತೆಲುಗಿನವರು ಒಂದೇ ಮನೆಯವರು. 1955ರ ಹಿಂದೂ ವಿವಾಹ ಕಾಯ್ದೆ ಕೂಡ ರೂಢಿ ಇದ್ದಲ್ಲಿ ಇದಕ್ಕೆ ಬಾಗಿಲು ಬಿಟ್ಟಿದೆ.

ಅವ್ವನ ಫೋನ್ ಇಟ್ಟ ರಾತ್ರಿ ಹಾಳೆ ತೆಗೆದು ಲೆಕ್ಕ ಹಾಕಿದೆ. ಅತ್ತೆಯ ಮಕ್ಕಳು, ಮಾವನ ಮಕ್ಕಳು ಮದುವೆಯಾದರೆ ಹುಟ್ಟುವ ಮಗುವಿನ ಡಿಎನ್‌ಎಯಲ್ಲಿ ಹದಿನಾರರಲ್ಲಿ ಒಂದು ಪಾಲು ಎರಡೂ ಕಡೆಯಿಂದ ಒಂದೇ ಪ್ರತಿಯಾಗಿ ಬಂದಿರುತ್ತದೆ, ಸರಾಸರಿ. ಮಾವ-ಅಕ್ಕನ ಮಗಳಾದರೆ ಎಂಟರಲ್ಲಿ ಒಂದು. ಆ ಎಂಟರಲ್ಲಿ ಒಂದು ನಾನು. ತಂಗಿಯ ಲೆಕ್ಕ ಇಷ್ಟು ಸರಳ ಅಲ್ಲ. ಆ ಹುಡುಗ ಅವ್ವನ ಕಡೆಯಿಂದ ಮಾವನ ಮಗ. ಅಪ್ಪನ ಕಡೆಯಿಂದ ನೋಡಿದರೆ ಅಪ್ಪನ ಅಕ್ಕನ ಮೊಮ್ಮಗ. ಒಂದು ದಾರಿಯಿಂದ ಹದಿನಾರರಲ್ಲಿ ಒಂದು, ಇನ್ನೊಂದು ದಾರಿಯಿಂದ ಮೂವತ್ತೆರಡರಲ್ಲಿ ಒಂದು. ಕೂಡಿದರೆ ಮೂವತ್ತೆರಡರಲ್ಲಿ ಮೂರು. ಶೇಕಡಾ ಒಂಬತ್ತೂವರೆ ಹತ್ತಿರ. ಹುಡುಗನ ತಾಯಿ ಹೊರಗಿನ ತಾಲೂಕಿನವಳಾದ್ದರಿಂದ ಇಷ್ಟಕ್ಕೇ ನಿಂತಿತು.

ಇದು ಕಾಗದದ ಲೆಕ್ಕ. ನನ್ನದೇ ಡಿಎನ್‌ಎಯನ್ನು ಒಮ್ಮೆ ಖಾಸಗಿಯಾಗಿ ಚಿಪ್‌ನಲ್ಲಿ ಓದಿಸಿದ್ದೆ. ಉದ್ದಕ್ಕೂ ಬರೀ 0 ಮತ್ತು 2 ಇರುವ, ನಡುವೆ 1 ಒಂದೂ ಸಿಗದ ಪಟ್ಟಿಗಳನ್ನು ಕೂಡಿಸಿ ನೋಡಿದರೆ ಬರಬೇಕಾದ್ದು ಹನ್ನೆರಡೂವರೆ, ಬಂದದ್ದು ಹದಿನಾಲ್ಕಕ್ಕೆ ಸ್ವಲ್ಪ ಮೇಲೆ. ಸರಾಸರಿಯ ಆಚೆಈಚೆ ಇರಬಹುದು. ಆದರೆ ಮೇಲಿನ ಚೂರು-ಪಾರು ಪಟ್ಟಿಗಳು ಚಿಕ್ಕವು, ಹಳೆಯವು. ಅವು ಅಪ್ಪ-ಅವ್ವನಿಂದ ಬಂದವಲ್ಲ. ಅದೇ ನಾಲ್ಕು ಊರು, ಅದೇ ಜನ, ಅದೇ ಬೀಗತನ ಎಷ್ಟೋ ತಲೆಮಾರು ನಡೆದದ್ದರ ಗುರುತು.

ಈ ಹಳೆಯ ಗುರುತಿನ ಕತೆ ತೆರೆದದ್ದು ನಾನಿರುವ ಈ ಹಬ್ಸಿಗುಡದಲ್ಲೇ. ನಾಗೋಲಿನಿಂದ ರಾಯದುರ್ಗಕ್ಕೆ ಹೋಗುವ ಮೆಟ್ರೋದಲ್ಲಿ ದಿನಾ ದಾಟುವ ಸಿಸಿಎಂಬಿ ಕಟ್ಟಡದಲ್ಲಿ. 2009ರಲ್ಲಿ ಅಲ್ಲಿನ ಕೆ. ತಂಗರಾಜ್, ಲಾಲ್‌ಜಿ ಸಿಂಗ್, ಹಾರ್ವರ್ಡಿನ ಡೇವಿಡ್ ರೈಕ್ ಮೊದಲಾದವರು ಸೇರಿ 'ನೇಚರ್'ನಲ್ಲಿ ಒಂದು ಪ್ರಬಂಧ ಬರೆದರು. 25 ಗುಂಪು, 132 ಜನ, ಪ್ರತಿಯೊಬ್ಬರಲ್ಲೂ 5 ಲಕ್ಷ 60 ಸಾವಿರ ಜಾಗ. ಪತ್ರಿಕೆಗಳೆಲ್ಲ ಅದರ ಮೊದಲರ್ಧವನ್ನು ಹಿಡಿದುಕೊಂಡವು: ಉತ್ತರದ ಪೂರ್ವಜರು, ದಕ್ಷಿಣದ ಪೂರ್ವಜರು, ಯಾರು ಯಾರಲ್ಲಿ ಎಷ್ಟು. ಆ ಜಗಳ ಇವತ್ತಿಗೂ ಮುಗಿದಿಲ್ಲ, ಮುಗಿಯುವುದೂ ಬೇಡ ಅನ್ನುವವರೇ ಜಾಸ್ತಿ. ನನಗೆ ಬೇಕಾದ್ದು ಉಳಿದರ್ಧ. ನಮ್ಮ ದೇಶದ ಎಷ್ಟೋ ಜಾತಿಗಳು ಕೆಲವೇ ಜನರಿಂದ ಶುರುವಾಗಿ, ಆಮೇಲೆ ಹತ್ತಾರು ತಲೆಮಾರು ಹೊರಗಿನವರನ್ನು ಸೇರಿಸಿಕೊಳ್ಳದೆ ಬೆಳೆದಿವೆ ಅನ್ನುವುದು. ಆ ಕೆಲವರಲ್ಲಿ ಒಬ್ಬನಿಗಿದ್ದ ಒಂದು ಕೆಟ್ಟ ಜೀನು ಇವತ್ತು ಲಕ್ಷಗಟ್ಟಲೆ ಜನರಲ್ಲಿ ಹಂಚಿಹೋಗಿರಬಹುದು. 2017ರಲ್ಲಿ ಅದೇ ಬಳಗ 260ಕ್ಕೂ ಹೆಚ್ಚು ಗುಂಪುಗಳ 2,800ಕ್ಕೂ ಮಿಕ್ಕಿದ ಜನರನ್ನು ನೋಡಿ, 81 ಗುಂಪುಗಳಲ್ಲಿ ಈ ಪರಿಣಾಮ ಫಿನ್‌ಲೆಂಡಿನವರಿಗಿಂತ, ಅಶ್ಕೆನಾಜಿ ಯಹೂದಿಗಳಿಗಿಂತ ತೀವ್ರವಾಗಿದೆ ಎಂದಿತು. ವಂಶವಾಹಿ ರೋಗದ ಪಾಠ ಮಾಡುವವರು ಜಗತ್ತಿನಲ್ಲೆಲ್ಲ ಉದಾಹರಣೆಗೆ ಕೊಡುವುದು ಆ ಎರಡು ಜನಾಂಗಗಳನ್ನೇ. ಈ 81ರಲ್ಲಿ 14 ಗುಂಪುಗಳ ಜನಸಂಖ್ಯೆ ಹತ್ತು ಲಕ್ಷಕ್ಕಿಂತ ಹೆಚ್ಚು.

ಇಲ್ಲಿನ ವೈಶ್ಯರ ಉದಾಹರಣೆ ಹೈದರಾಬಾದಿನ ಅರಿವಳಿಕೆ ವೈದ್ಯರಿಗೆ ಮೊದಲೇ ಗೊತ್ತು. ಆಪರೇಷನ್‌ಗೆ ಮುಂಚೆ ಸ್ನಾಯು ಸಡಿಲಿಸಲು ಕೊಡುವ ಸಕ್ಸಿನೈಲ್‌ಕೋಲೀನ್ ಎಂಬ ಔಷಧಿ ಬೇರೆಯವರಲ್ಲಿ ಕೆಲವೇ ನಿಮಿಷಕ್ಕೆ ಇಳಿಯುತ್ತದೆ. ಅದನ್ನು ಒಡೆಯುವ ಕಿಣ್ವ ಇಲ್ಲದವರಿಗೆ ಗಂಟೆಗಟ್ಟಲೆ ಉಸಿರು ಮರಳುವುದಿಲ್ಲ. ಆ ಕಿಣ್ವದ ಕೊರತೆ ಈ ಸಮುದಾಯದಲ್ಲಿ ಬೇರೆಯವರಿಗಿಂತ ತುಂಬಾ ಹೆಚ್ಚು. ಅವರೇನೂ ಅಕ್ಕನ ಮಗಳನ್ನು ಮದುವೆಯಾದ ತಪ್ಪಿಗೆ ಇದು ಬಂದಿಲ್ಲ. ಜಾತಿಯೊಳಗೇ, ಗೋತ್ರ ಬಿಟ್ಟು, ಶಾಸ್ತ್ರೋಕ್ತವಾಗಿ, ದೂರದ ಊರಿನ ಸಂಬಂಧ ಮಾಡಿದವರಿಗೂ ಬಂದಿದೆ. ಅವ್ವನಿಗೆ ಹೇಳಲು ಕಷ್ಟವಾದದ್ದು ಇದೇ. 'ಮಾವನ ಮಗ ಬೇಡ' ಅಂದರೆ ಅವರು ನಮ್ಮವರಲ್ಲೇ ಮಾನ್ವಿಯಲ್ಲೋ ಸುರಪುರದಲ್ಲೋ ಬೇರೆ ಗಂಡು ನೋಡುತ್ತಾರೆ. ಗಂಡಾಂತರ ಕಡಿಮೆಯಾಗುತ್ತದೆ, ಇಲ್ಲವಾಗುವುದಿಲ್ಲ. ಜಾತಿ ಬಿಟ್ಟು ಕೊಡಿ ಅನ್ನುವುದು ಲೆಕ್ಕದ ಪ್ರಕಾರ ಸರಿಯಾದ ಸಲಹೆ. ಅದನ್ನು ಹೇಳಲು ಜೀನು ಓದಬೇಕಿರಲಿಲ್ಲ. ಬಸವಣ್ಣನ ಕಾಲದಲ್ಲೇ ಹೇಳಿ ಏನಾಯಿತು ಅಂತ ನಮಗೆ ಗೊತ್ತಿದೆ.

ಹೋಗಲಿ, ಅಪಾಯ ಎಷ್ಟು? ಪುಸ್ತಕದ ಉತ್ತರ ಇದೆ. ಯಾವುದೇ ದಂಪತಿಗೆ ದೊಡ್ಡ ಜನ್ಮದೋಷದ ಮಗು ಹುಟ್ಟುವ ಸಾಧ್ಯತೆ ನೂರಕ್ಕೆ ಎರಡು-ಮೂರು. ಅತ್ತೆ-ಮಾವನ ಮಕ್ಕಳಾದರೆ ಅದರ ಮೇಲೆ ಇನ್ನೊಂದು 1.7ರಿಂದ 2.8 ಅಂತ ಅಮೆರಿಕದ ಜೆನೆಟಿಕ್ ಕೌನ್ಸೆಲರ್‌ಗಳ ಸಂಘ 2002ರಲ್ಲಿ ಹೇಳಿದ್ದು. ನಮ್ಮ ನಾಡಿನ ಕೆಲಸವೂ ಇದೆ. 1980ರ ದಶಕದಲ್ಲಿ ಎನ್. ಅಪ್ಪಾಜಿ ರಾವ್ ಮತ್ತವರ ಜೊತೆಗಾರರು ಕರ್ನಾಟಕದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ನವಜಾತ ಶಿಶುಗಳ ರಕ್ತ ನೋಡಿದ್ದರು; ಬೆಂಗಳೂರು-ಮೈಸೂರಿನಲ್ಲಿ ಸುಮಾರು ಮೂರರಲ್ಲೊಂದು ಮದುವೆ ಬಳಗದೊಳಗಿನದು, ಅದರಲ್ಲೂ ಮಾವ-ಅಕ್ಕನ ಮಗಳದೇ ಹೆಚ್ಚು ಅಂತ ಆ ಕಾಲದ ಅಧ್ಯಯನಗಳು ಹೇಳಿದವು. ಇವೆಲ್ಲ ಗುಂಪಿನ ಮಾತು. ನೂರರಲ್ಲಿ ತೊಂಬತ್ತೈದು ಮಕ್ಕಳು ಚೆನ್ನಾಗಿರುತ್ತವೆ ಅಂದರೆ ಅವ್ವನಿಗೆ ಧೈರ್ಯ ಬರುತ್ತದೆ. ಅಪಾಯ ಎರಡು ಪಟ್ಟು ಅಂದರೆ ಹೆದರಿಕೆ ಬರುತ್ತದೆ. ಎರಡೂ ಒಂದೇ ಅಂಕಿ. ಯಾವುದನ್ನು ಹೇಳಬೇಕು ಅನ್ನುವುದು ಸಂಖ್ಯಾಶಾಸ್ತ್ರದ ಪ್ರಶ್ನೆ ಅಲ್ಲ.

ಸಂಖ್ಯಾಶಾಸ್ತ್ರ ಅಂದಾಗ ಒಂದು ಅಡ್ಡಮಾತು. ನಮ್ಮ ಈ ವಿದ್ಯೆಯ ಹಿರಿಯರಲ್ಲಿ ಒಬ್ಬರು ನಮ್ಮ ಕಡೆಯೇ ಹುಟ್ಟಿದವರು. ಸಿ.ಆರ್. ರಾವ್ 1920ರಲ್ಲಿ ಹುಟ್ಟಿದ್ದು ಹೂವಿನ ಹಡಗಲಿಯಲ್ಲಿ; ಮನೆಮಾತು ತೆಲುಗು. ಮೂಳೆಗಳ ಅಳತೆಯಿಂದ ಜನರ ಗುಂಪುಗಳನ್ನು ಹೋಲಿಸುವ ಲೆಕ್ಕಕ್ಕಾಗಿಯೇ 1946ರಲ್ಲಿ ಕೇಂಬ್ರಿಜ್‌ಗೆ ಹೋಗಿ, ತಳಿಶಾಸ್ತ್ರದಲ್ಲೂ ಸಂಖ್ಯಾಶಾಸ್ತ್ರದಲ್ಲೂ ದೊಡ್ಡವನಾದ ಫಿಶರ್ ಕೈಕೆಳಗೆ ಪಿಎಚ್‌ಡಿ ಮಾಡಿದರು. ಹೈದರಾಬಾದ್ ವಿಶ್ವವಿದ್ಯಾಲಯದ ಆವರಣದಲ್ಲಿ ಅವರ ಹೆಸರಿನ ಸಂಸ್ಥೆ ಇದೆ. ಗಚ್ಚಿಬೌಲಿ ಕಡೆ ಹೋದಾಗ ಆ ಬೋರ್ಡು ಕಂಡರೆ, ಹಡಗಲಿಯ ಮಲ್ಲಿಗೆ ಇಲ್ಲಿವರೆಗೂ ಬಂದಿದೆ ಅಂತ ಸುಮ್ಮನೆ ಖುಷಿಯಾಗುತ್ತದೆ.

ಜೂನ್‌ನಲ್ಲಿ ತಂಗಿ ಬಂದಳು. ಬೆಳಗಿನ ಬಸ್ಸಿಗೆ ಎಂಜಿಬಿಎಸ್‌ನಲ್ಲಿ ಇಳಿದು, ಜೊತೆಗೆ ಅವ್ವ ಕಟ್ಟಿದ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ. ಮೆಟ್ರೋದಲ್ಲೇ ಶುರು ಮಾಡಿದಳು. "ಅಕ್ಕ, ನೀ ನನಗ ಪಾಠ ಮಾಡಬ್ಯಾಡ. ಆಗಬಹುದು, ಆಗದೇ ಇರಬಹುದು ಅಂತ ಹೇಳಬ್ಯಾಡ. ಟೆಸ್ಟ್ ಅದ ಅಂತಲ್ಲ, ಅದನ್ನ ಮಾಡಸು." ಅವಳು ಬಿ.ಕಾಂ. ಓದಿದವಳು. ಬ್ಯಾಲೆನ್ಸ್ ಶೀಟ್ ಕೊನೆಗೆ ಕೂಡಲೇಬೇಕು ಅನ್ನುವ ನಂಬಿಕೆ ಅವಳದು.

ನಮ್ಮ ಲ್ಯಾಬಿನಲ್ಲೇ ಮಾಡಬಹುದಿತ್ತು ಅಂತ ನೀವು ಅಂದುಕೊಳ್ಳಬಹುದು. ನನಗೂ ಒಂದು ರಾತ್ರಿ ಹಾಗನ್ನಿಸಿತ್ತು. ಮಾಡಲಿಲ್ಲ. ಅಲ್ಲಿನ ಪ್ರತಿ ಟ್ಯೂಬಿಗೂ ಒಂದು ಒಪ್ಪಿಗೆ ಪತ್ರ, ಒಂದು ಉದ್ದೇಶ ಇದೆ. ನನ್ನ ತಂಗಿಯ ಮದುವೆ ಆ ಉದ್ದೇಶ ಅಲ್ಲ. ಹೊರಗಿನ ಜೆನೆಟಿಕ್ ಕೌನ್ಸೆಲರ್ ಹತ್ತಿರ ಕರೆದುಕೊಂಡು ಹೋದೆ. ಹುಡುಗನೂ ಸಿಂಧನೂರಿನಿಂದ ಬಂದ. ಇಬ್ಬರೂ ರಕ್ತ ಕೊಟ್ಟರು. ಇಪ್ಪತ್ತು ಸಾವಿರ ಜೀನುಗಳಲ್ಲಿ ಪ್ರೋಟೀನಿಗೆ ಅಕ್ಷರ ಒದಗಿಸುವ ಭಾಗವನ್ನಷ್ಟೇ ಓದಿ, ಇಬ್ಬರಲ್ಲೂ ಒಂದೇ ಕೆಟ್ಟ ಬದಲಾವಣೆ ಇದೆಯೇ ಅಂತ ಹುಡುಕುವ ಪರೀಕ್ಷೆ.

ಕಾಯುವ ವಾರಗಳಲ್ಲಿ ನನಗೆ ಹಂದಿಗೋಡು ನೆನಪಾಗುತ್ತಿತ್ತು. 1970ರ ದಶಕದ ಮಧ್ಯದಲ್ಲಿ ಸಾಗರ ತಾಲೂಕಿನ ಆ ಊರಿನಲ್ಲಿ ಜನರ ಸೊಂಟ, ಮೊಣಕಾಲಿನ ಕೀಲುಗಳು ಸವೆದು, ನಡೆಯಲಾಗದೆ ತೆವಳುವ ಹಾಗಾಗಿತ್ತು. ಗದ್ದೆಯ ಏಡಿ ತಿಂದದ್ದಕ್ಕೆ, ಗದ್ದೆಗೆ ಹೊಡೆದ ಕೀಟನಾಶಕಕ್ಕೆ ಹೀಗಾಯಿತು ಅಂತ ಜನ ನಂಬಿದರು. ನೋಡಲು ಹೋದವರಲ್ಲಿ ಇಲ್ಲಿನ ತಾರ್ನಾಕದ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳೂ ಇದ್ದರು. ಅವರು ಅದನ್ನು ಮಲೆನಾಡಿನ ಕುಟುಂಬಗಳ ಸಂಧಿವಾತ ಅಂತ ಕರೆದರು. ಅದು ವಂಶವಾಹಿ ಅಂತ ಆಮೇಲಿನ ಅಧ್ಯಯನಗಳು ಖಚಿತಪಡಿಸಿದವು. ಕಾಣಿಸಿಕೊಂಡದ್ದು ಎರಡು ಬಡ ದಲಿತ ಸಮುದಾಯಗಳಲ್ಲಿ. ರೋಗಕ್ಕೆ ಊರಿನ ಹೆಸರೇ ಅಂಟಿತು. ಹಂದಿಗೋಡು ಕಾಯಿಲೆ ಅಂತಲೇ ಇವತ್ತಿಗೂ ಕರೆಯುವುದು. ಆ ಊರಿನ ಹುಡುಗಿಯನ್ನು ನೋಡಲು ಬಂದವರು ಏನು ಕೇಳಿರಬಹುದು ಅಂತ ನಮ್ಮ ಪ್ರಬಂಧಗಳಲ್ಲಿ ಒಂದು ಕಾಲಮ್ ಇರುವುದಿಲ್ಲ.

ವರದಿ ಬಂತು. ಗೊತ್ತಿರುವ ಯಾವ ಕಾಯಿಲೆಗೂ ಇಬ್ಬರೂ ಒಟ್ಟಿಗೆ ವಾಹಕರಲ್ಲ. ತಂಗಿ ಉಸಿರು ಬಿಟ್ಟಳು. ಎರಡನೇ ಪುಟದಲ್ಲಿ ಇನ್ನೊಂದು ಸಾಲು ಇತ್ತು. ಮೆದುಳಿನ ಶಕ್ತಿ ಉತ್ಪಾದನೆಗೆ ಸಂಬಂಧಿಸಿದ ಒಂದು ಜೀನಿನಲ್ಲಿ ಇಬ್ಬರಲ್ಲೂ ಒಂದೇ ಅಕ್ಷರ ಬದಲಾಗಿದೆ. ಅದರ ಅರ್ಥ ಅನಿಶ್ಚಿತ.

ಅರ್ಥ ಅನಿಶ್ಚಿತ ಅನ್ನುವುದು ನಮ್ಮಲ್ಲಿ ಒಂದು ಅಧಿಕೃತ ವರ್ಗ. ಕೆಟ್ಟದ್ದು ಅಂತ ಹೇಳಲು ಸಾಕ್ಷಿ ಇಲ್ಲ, ನಿರಪಾಯ ಅಂತ ಹೇಳಲೂ ಇಲ್ಲ. ಯುರೋಪಿನ ಒಬ್ಬನಲ್ಲಿ ಇಂಥದ್ದು ಕಂಡರೆ, ಅಲ್ಲಿನ ಲಕ್ಷಾಂತರ ಆರೋಗ್ಯವಂತರಲ್ಲಿ ಎಷ್ಟು ಜನಕ್ಕೆ ಇದೆ ಅಂತ ನೋಡಿ ತೀರ್ಮಾನಿಸುತ್ತಾರೆ. ನಮ್ಮವರ ಸಂಖ್ಯೆ ಆ ಕಡತಗಳಲ್ಲಿ ತೀರಾ ಕಡಿಮೆ. ಅದಕ್ಕೇ ನಮ್ಮ ವರದಿಗಳಲ್ಲಿ ಈ ಅನಿಶ್ಚಿತಗಳು ಜಾಸ್ತಿ. 2020ರಲ್ಲಿ ಶುರುವಾದ ಜೀನೋಮ್ ಇಂಡಿಯಾ ಯೋಜನೆ ಹತ್ತು ಸಾವಿರ ಜನರ ಡಿಎನ್‌ಎ ಓದಿ, 2025ರ ಜನವರಿಯಲ್ಲಿ ದತ್ತಾಂಶವನ್ನು ಸಂಶೋಧಕರಿಗೆ ತೆರೆದಿಟ್ಟಿದೆ. ದೊಡ್ಡ ಕೆಲಸ, ನಾನು ಅದರ ಬಗ್ಗೆ ಹೆಮ್ಮೆಯಿಂದ ಮಾತಾಡುವವಳೇ. ಆದರೆ ಸಾವಿರಾರು ಒಳಗುಂಪುಗಳ ದೇಶಕ್ಕೆ ಹತ್ತು ಸಾವಿರ ಅಂದರೆ ನಮ್ಮಂಥ ನಾಲ್ಕು ಊರಿನ ಜನರ ಪಾಲಿಗೆ ಎಷ್ಟು ಬರುತ್ತದೆ? ಸಾರ್ವಜನಿಕವಾಗಿ ಯಾರು ಬೇಕಾದರೂ ನೋಡಬಹುದಾದ ಕೋಷ್ಟಕಗಳನ್ನೆಲ್ಲ ಹುಡುಕಿದೆ. ದಕ್ಷಿಣ ಏಷ್ಯಾದವರಲ್ಲಿ ಬೆರಳೆಣಿಕೆಯಷ್ಟು ಜನಕ್ಕೆ ಒಂದು ಪ್ರತಿ ಇತ್ತು. ಎರಡು ಪ್ರತಿ ಇದ್ದವರು ಒಬ್ಬರೂ ಇಲ್ಲ. ಇಷ್ಟು ಅಪರೂಪದ್ದಕ್ಕೆ ಅದು ಸಹಜ. ಅಥವಾ ಎರಡು ಪ್ರತಿ ಇದ್ದವರು ಬದುಕಿ ಪಟ್ಟಿಗೆ ಬರಲಿಲ್ಲ. ಎರಡೂ ಓದಿಗೆ ಅದೇ ಸೊನ್ನೆ.

ತಂಗಿಗೆ ಇದನ್ನು ಇದ್ದ ಹಾಗೆ ಹೇಳಿದೆ. ಆ ಬದಲಾವಣೆ ನಿಜವಾಗಿ ಕೆಟ್ಟದ್ದೇ ಆಗಿದ್ದರೆ ಪ್ರತಿ ಬಸುರಿನಲ್ಲಿ ನಾಲ್ಕರಲ್ಲಿ ಒಂದು, ಅಲ್ಲದಿದ್ದರೆ ಸೊನ್ನೆ. ಯಾವುದು ಅಂತ ಇವತ್ತಿಗೆ ಯಾರೂ ಹೇಳಲಾರರು. ಅವಳು ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅಣ್ಣಂದು ಇದಾ ಆಗಿತ್ತೇನು?" ಅಂದಳು.

ನಮಗೊಬ್ಬ ಅಣ್ಣ ಇದ್ದ. ನನಗಿಂತ ಎರಡು ವರ್ಷ ದೊಡ್ಡವನು. ಮೂರು ತುಂಬುವ ಮೊದಲೇ ಹೋದ. ಜ್ವರ ನೆತ್ತಿಗೇರಿತು ಅಂತ ಮನೆಯ ಮಾತು. ದೊಡ್ಡ ಊರಿನ ಆಸ್ಪತ್ರೆಯೊಂದರಿಂದ ಕೊಟ್ಟ ಚೀಟಿಯಲ್ಲಿ ಫಿಟ್ಸ್ ಅಂತ ಒಂದೇ ಶಬ್ದ. ಅವನ ಒಂದು ಹನಿ ರಕ್ತ, ಒಂದು ಕೂದಲು ಉಳಿದಿಲ್ಲ. ಇದ್ದಿದ್ದರೆ ನಾನೀಗ ಬರೆಯುತ್ತಿರುವುದರಲ್ಲಿ ಅರ್ಧ ಬೇಕಾಗುತ್ತಿರಲಿಲ್ಲ.

ಅವರಿಬ್ಬರೂ ಮದುವೆಯಾಗುತ್ತಾರೆ. ಮಾಘದಲ್ಲಿ ಮುಹೂರ್ತ. ಬಸುರಾದರೆ ಹನ್ನೊಂದನೇ ವಾರದ ಹೊತ್ತಿಗೆ ಪರೀಕ್ಷೆ ಮಾಡಿಸಬಹುದು, ಆದರೆ ಅರ್ಥ ಗೊತ್ತಿಲ್ಲದ ಅಕ್ಷರಕ್ಕೆ ಪರೀಕ್ಷೆ ಮಾಡಿಸಿ ಏನು ತೀರ್ಮಾನಿಸುವುದು ಅಂತ ಕೌನ್ಸೆಲರ್ ಅವರನ್ನೇ ಕೇಳಿದ್ದಾರೆ. ಅವರು ಯೋಚಿಸುತ್ತಿದ್ದಾರೆ. ನಾನು ಬೇಡ ಅನ್ನಲಿಲ್ಲ. ಹೂಂ ಅಂತಲೂ ಅನ್ನಲಿಲ್ಲ. ಇದು ಹೇಡಿತನವೇ ಅಂತ ಎಷ್ಟೋ ಸಲ ಅನ್ನಿಸಿದೆ.

ಅಕ್ಟೋಬರಿನ ಒಂದು ಮಧ್ಯಾಹ್ನದ ಮಾತು ಉಳಿದಿದೆ. ಕೌನ್ಸೆಲರ್ ಮೂರು ತಲೆಮಾರಿನ ವಂಶವೃಕ್ಷ ಪೂರ್ತಿ ಮಾಡಿ ತನ್ನಿ ಅಂದಿದ್ದರು. ಅವ್ವ ಬಂದಿದ್ದಳು. ನೆಲದ ಮೇಲೆ ದೊಡ್ಡ ಹಾಳೆ ಹರಡಿ ಕೂತೆವು. ಗಂಡಿಗೆ ಚೌಕ, ಹೆಣ್ಣಿಗೆ ದುಂಡು, ಮದುವೆಗೆ ನಡುವೆ ಒಂದು ಗೆರೆ. ತೀರಿಹೋದವರಿಗೆ ಓರೆಯಾಗಿ ಒಂದು ಗೀಟು. ಅವ್ವನಿಗೆ ಎಲ್ಲ ನೆನಪಿದೆ. ಯಾವ ದೊಡ್ಡಮ್ಮನ ಯಾವ ಕೂಸು ಕಿವುಡು, ಯಾರ ಮಗ ನಡೆಯಲಿಲ್ಲ, ಯಾರ ಮನೆಯಲ್ಲಿ ಎರಡು ಬಸುರು ನಿಲ್ಲಲಿಲ್ಲ. ನನ್ನ ಸರ್ವರ್‌ನಲ್ಲಿರುವ ಯಾವ ಕಡತವೂ ಇಷ್ಟು ಶುದ್ಧವಾಗಿರುವುದಿಲ್ಲ.

ಅಪ್ಪ-ಅವ್ವನ ನಡುವೆ ಗೆರೆ ಎಳೆದೆ. ಅದರ ಕೆಳಗೇ ಇನ್ನೊಂದು.

"ನಮಗ್ಯಾಕ ಎರಡು ಗೆರಿ?"

"ಬಳಗದಾಗ ಮದುವಿ ಆದ್ರ ಎರಡು ಹಾಕ್ತಾರ ಅವ್ವ. ಅದೊಂದು ಗುರ್ತು, ಅಷ್ಟ."

ಅವಳು ಹಾಳೆ ನೋಡುತ್ತಾ ಕೂತಳು. ಎರಡು ಗೆರೆಯ ಕೆಳಗೆ ಅಣ್ಣನ ಚೌಕ, ಅದರ ಮೇಲೆ ಗೀಟು. "ಅಂದ್ರ ನಮ್ಮ ಮದುವಿಯಿಂದನ ಆತೇನವಾ ಅವಂಗ?"

"ಗೊತ್ತಿಲ್ಲವ್ವ" ಅಂದೆ. ನನ್ನ ಒಂಬತ್ತು ವರ್ಷದ ವಿದ್ಯೆಯಲ್ಲಿ ಪ್ರಾಮಾಣಿಕವಾಗಿ ಹೇಳಬಹುದಾದ್ದು ಅದೊಂದೇ ಇತ್ತು. ನಿನ್ನ ತಪ್ಪಲ್ಲ ಅಂತ ಸೇರಿಸಿದೆ. ಹದಿನೆಂಟನೇ ವರ್ಷಕ್ಕೆ ಅವಳನ್ನು ಯಾರೂ ಕೇಳಿ ಕೊಟ್ಟಿರಲಿಲ್ಲ.

"ಅವನ ಮೊದಲ ಇನ್ನೊಂದು ಇತ್ತು" ಅಂದಳು ಅವ್ವ. "ಹೆಣ್ಣು. ಒಂಬತ್ತು ದಿನ. ತೊಟ್ಟಿಲಕ್ಕ ಹಾಕೂ ಮೊದಲ ಹೋತು. ನಿಮಗ್ಯಾರಿಗೂ ಹೇಳಿಲ್ಲ."

ಪೆನ್ನು ಕೈಯಲ್ಲಿಯೇ ಇತ್ತು. ಅಣ್ಣನ ಎಡಕ್ಕೆ ಜಾಗ ಮಾಡಿ ಒಂದು ದುಂಡು ಬರೆದೆ, ಗೀಟು ಹಾಕಿದೆ. ವಯಸ್ಸು ಒಂಬತ್ತು ದಿನ ಅಂತ ಕೆಳಗೆ ಬರೆದೆ. ಈ ನಕ್ಷೆಯಲ್ಲಿ ಹೆಸರು ಬರೆಯುವ ಪದ್ಧತಿ ಇಲ್ಲ.

"ಹೆಸರು ಬರಕೋ."

"ಹೆಸರಿಟ್ಟಿದ್ರೇನು?"

"ಇಟ್ಟಿರಲಿಲ್ಲ. ನಾ ಒಬ್ಬಾಕೀನ ಕರೀತಿದ್ದೆ."

ಹೇಳಿದಳು. ನಾನು ಬರೆದೆ. ಅವ್ವ ಕನ್ನಡಕ ಹಾಕಿಕೊಂಡು, ಬಗ್ಗಿ, ಒತ್ತಕ್ಷರ ಸರಿ ಬಂದಿದೆಯಾ ಅಂತ ನೋಡಿದಳು.